ಭೂಶಾಖ ಶೋಧನೆ ಮತ್ತು ದತ್ತಾಂಶ ಸ್ಪರ್ಧೆಗಳು: ಪ್ರಮಾಣದ ಪ್ರಶ್ನೆ

1

ಭೂಮಿಯೊಳಗಿನ ಶಾಖ, ಅದನ್ನು ಹುಡುಕುವ ಆಳವಾದ ಬಾವಿಗಳು, ಆ ಬಾವಿಗಳ ದಾಖಲೆಗಳನ್ನಿಟ್ಟುಕೊಂಡು ನಡೆಯುವ ಸ್ಪರ್ಧೆಗಳು, ಇವನ್ನು ಕುರಿತ ಲೇಖನವೊಂದು ಕನ್ನಡ ಅಧ್ಯಯನದ ಪತ್ರಿಕೆಯಲ್ಲಿ ಏಕೆ ಬರಬೇಕು ಎಂಬ ಪ್ರಶ್ನೆ ಸಹಜವಾದುದು. ಶಾಸ್ತ್ರಗ್ರಂಥಗಳನ್ನು ಕಾವ್ಯದಷ್ಟೇ ಆದರದಿಂದ ಓದಿದ ಪರಂಪರೆ ನಮ್ಮದು ಎಂದು ಹೇಳಿ ಇದನ್ನು ಸಮರ್ಥಿಸಿಕೊಳ್ಳಬಹುದು. ಆದರೆ ಅದಕ್ಕಿಂತ ಹತ್ತಿರದ ಕಾರಣವೊಂದಿದೆ. ಈ ಸ್ಪರ್ಧೆಗಳು ಎತ್ತುವ ಮೂಲಪ್ರಶ್ನೆ ತಂತ್ರಜ್ಞಾನದ್ದಲ್ಲ, ಪ್ರಮಾಣದ್ದು. ಯಾರೂ ಕಣ್ಣಾರೆ ಕಾಣದ, ಕಾಣಲೂ ಆಗದ ವಸ್ತುವನ್ನು ಕುರಿತು ಒಬ್ಬರು ಆಡಿದ ಮಾತು ನಿಜವೋ ಅಲ್ಲವೋ ಎಂಬುದನ್ನು ನಿರ್ಣಯಿಸುವುದು ಹೇಗೆ? ಮೂರು ಕಿಲೋಮೀಟರು ಆಳದ ಬಂಡೆಯ ಉಷ್ಣತೆಯನ್ನು ಊಹಿಸುವ ಭೂವಿಜ್ಞಾನಿಗೂ, ನಷ್ಟವಾದ ಮೂಲಪ್ರತಿಯ ಪಾಠವನ್ನು ನಾಲ್ಕಾರು ಓಲೆಗರಿ ಪ್ರತಿಗಳಿಂದ ಊಹಿಸುವ ಗ್ರಂಥಸಂಪಾದಕನಿಗೂ ಎದುರಾಗುವ ಸಮಸ್ಯೆ ಒಂದೇ ಬಗೆಯದು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಹಳೆಯ ಅಕ್ಷರಗಳನ್ನು ಓದುವ, ಕೃತಿಯ ಕರ್ತೃತ್ವವನ್ನು ಗುರುತಿಸುವ, ಪಾಠಾಂತರಗಳನ್ನು ಹೋಲಿಸುವ ಗಣಕಯಂತ್ರದ ವಿಧಾನಗಳು ಸಾಹಿತ್ಯ ಸಂಶೋಧನೆಯೊಳಕ್ಕೂ ಬರುತ್ತಿವೆ. ಅವು ಬರುವಾಗ ತಮ್ಮ ಜೊತೆಗೆ ಒಂದು ಅಂಕಿಯನ್ನು ಹೊತ್ತು ತರುತ್ತವೆ: ‘ಶೇಕಡಾ ಇಂತಿಷ್ಟು ಸರಿ’. ಈ ಅಂಕಿಯ ಮುಂದೆ ನಾವು ಒಂದೋ ತಲೆಬಾಗುತ್ತೇವೆ, ಇಲ್ಲವೇ ಮುಖ ತಿರುಗಿಸುತ್ತೇವೆ. ಅದನ್ನು ಪ್ರಶ್ನಿಸುವ ಪರಿಭಾಷೆ ನಮ್ಮಲ್ಲಿ ಇನ್ನೂ ರೂಢಿಯಾಗಿಲ್ಲ. ಭೂವಿಜ್ಞಾನಿಗಳು ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿ ಎಡವಿದ್ದಾರೆ, ಎದ್ದಿದ್ದಾರೆ. ಅವರ ಅನುಭವವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಪದಗಳ ವಿಚಾರ. ‘ಡೇಟಾ’ ಎಂಬುದಕ್ಕೆ ಕನ್ನಡದಲ್ಲಿ ‘ದತ್ತಾಂಶ’ ಎಂಬ ಪದ ನೆಲೆಗೊಂಡಿದೆ. ಲ್ಯಾಟಿನ್ನಿನ ‘ಡೇಟಂ’ ಎಂದರೆ ಕೊಡಲ್ಪಟ್ಟದ್ದು. ಸಂಸ್ಕೃತದ ‘ದತ್ತ’ವೂ ಅದೇ. ಎರಡೂ ಒಂದೇ ಧಾತುವಿನಿಂದ ಬಂದ ದಾಯಾದಿಗಳು. ಅನುವಾದವೆಂಬಂತೆ ಹುಟ್ಟಿದ ಪಾರಿಭಾಷಿಕ ಪದವೊಂದು ಮೂಲದ ಅಕ್ಕತಂಗಿಯೇ ಆಗಿರುವುದು ಅಪರೂಪ. ಆದರೆ ಪದ ಎಷ್ಟೇ ಸೊಗಸಾಗಿದ್ದರೂ ಅರ್ಥ ಇಲ್ಲಿ ದಾರಿ ತಪ್ಪಿಸುತ್ತದೆ. ಭೂಶಾಖದ ಕ್ಷೇತ್ರದಲ್ಲಿ ಯಾವುದೂ ತಾನಾಗಿ ಕೊಡಲ್ಪಟ್ಟದ್ದಲ್ಲ. ಒಂದೊಂದು ಅಂಕಿಯನ್ನೂ ಕೋಟಿಗಟ್ಟಲೆ ಹಣ ಸುರಿದು, ಬಂಡೆ ಕೊರೆದು ಪಡೆಯಬೇಕು.

‘ಭೂಶಾಖ’, ‘ಭೂಉಷ್ಣ’, ‘ಭೂತಾಪ’ ಎಂಬ ಮೂರು ರೂಪಗಳಲ್ಲಿ ‘ಭೂಶಾಖ’ವನ್ನು ಇಲ್ಲಿ ಬಳಸಿದೆ, ತಾಪ ಎಂಬುದಕ್ಕೆ ನಮ್ಮಲ್ಲಿ ದುಃಖದ ಛಾಯೆ ಹೆಚ್ಚು. ನೆಲದೊಳಗಿನಿಂದ ಬಿಸಿನೀರು ಬರುವುದು ಕನ್ನಡ ನಾಡಿಗೆ ಹೊಸತೇನಲ್ಲ. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವೆಂಬ ಬೆಚ್ಚನೆಯ ನೀರಿನ ಚಿಲುಮೆಯಿದೆ. ತುಳುವಿನ ‘ಬೆಂದ್ರ್’ ಎಂದರೆ ಬಿಸಿನೀರು. ಕರ್ಮಧಾರಯ ಸಮಾಸಕ್ಕೆ ಉದಾಹರಣೆಯಾಗಿ ನಾವು ತರಗತಿಯಲ್ಲಿ ಬರೆಸುವ ‘ಬೆನ್ನೀರ್’ ಪದದ ಪಕ್ಕದಲ್ಲಿ ಇದನ್ನಿಟ್ಟು ನೋಡಬಹುದು. ಭಾರತದ ಉದ್ದಗಲಕ್ಕೂ ಇಂತಹ 300ಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ದಾಖಲಿಸಿದೆ.

3

ಭೂಮಿಯ ಮೇಲ್ಪದರದಲ್ಲಿ ಆಳಕ್ಕೆ ಇಳಿದಂತೆ ಉಷ್ಣತೆ ಏರುತ್ತದೆ. ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರಿಕೆಯೆಂದು ಲೆಕ್ಕ. ಆದರೆ ಎಲ್ಲೆಡೆಯೂ ಹಾಗಿಲ್ಲ. ಐಸ್‌ಲೆಂಡಿನ ಕ್ರಾಫ್ಲಾದಲ್ಲಿ 2009ರಲ್ಲಿ ಕೊರೆಯುತ್ತಿದ್ದ ಬಾವಿಯೊಂದು ಸುಮಾರು ಎರಡು ಕಿಲೋಮೀಟರು ಆಳದಲ್ಲಿಯೇ ಕರಗಿದ ಶಿಲಾಪಾಕವನ್ನು ಮುಟ್ಟಿತು. ಇದಕ್ಕೆ ತದ್ವಿರುದ್ಧವಾದ ನಿದರ್ಶನ ನಮ್ಮ ಕೋಲಾರದ ಚಿನ್ನದ ಗಣಿಗಳು. 2001ರಲ್ಲಿ ಮುಚ್ಚಿದ ಆ ಗಣಿಗಳು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದವು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿಯನ್ನು ಮೀರಿ, ಕೆಲಸಗಾರರ ಪಾಲಿಗೆ ಅದು ಅಸಹನೀಯವೇ ಆಗಿತ್ತು. ಆದರೆ ಅಷ್ಟು ಆಳಕ್ಕೆ ಅಷ್ಟೇ ಶಾಖವೆಂದರೆ ಲೋಕದ ಸರಾಸರಿಯ ಅರ್ಧದ ಆಸುಪಾಸು ಎಂದಾಯಿತು. ಧಾರವಾಡ ಶಿಲಾಸ್ತೋಮವನ್ನೊಳಗೊಂಡ ನಮ್ಮ ನೆಲ ಅತ್ಯಂತ ಪುರಾತನವಾದುದು, ತಣ್ಣಗಾದುದು. ಆದ್ದರಿಂದ ಭಾರತದಲ್ಲಿ ಭೂಶಾಖದಿಂದ ವಿದ್ಯುತ್ತು ತೆಗೆಯುವ ಮಾತು ಬಂದಾಗ ಮೊದಲು ಕೇಳಿಬರುವುದು ಕರ್ನಾಟಕದ ಹೆಸರಲ್ಲ, ಲಡಾಖಿನ ಪುಗಾ ಕಣಿವೆಯದು. ಅಲ್ಲಿ ಪ್ರಾಯೋಗಿಕ ಸ್ಥಾವರಕ್ಕಾಗಿ ಓಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿತು.

ಭೂಶಾಖದಿಂದ ವಿದ್ಯುತ್ತು ತೆಗೆಯುವ ಪ್ರಯತ್ನ ಇಟಲಿಯ ಲಾರ್ಡೆರೆಲ್ಲೋದಲ್ಲಿ 1904ರಲ್ಲಿ ಆರಂಭವಾಯಿತು. ಪಿಯೆರೋ ಜಿನೋರಿ ಕೋಂಟಿ ನೆಲದ ಹಬೆಯಿಂದ ಐದು ಬಲ್ಬುಗಳನ್ನು ಬೆಳಗಿಸಿದ. ನೂರಿಪ್ಪತ್ತು ವರ್ಷ ಕಳೆದರೂ ಈ ಶಕ್ತಿಮೂಲ ಗಾಳಿ, ಬಿಸಿಲುಗಳಷ್ಟು ಹಬ್ಬಲಿಲ್ಲ. ಇದಕ್ಕೆ ಮುಖ್ಯ ಕಾರಣ ಬಾವಿ ಕೊರೆಯುವ ವೆಚ್ಚ ಮತ್ತು ಅದರ ಅನಿಶ್ಚಿತತೆ. ಬಿಸಿಲು ಎಲ್ಲಿ ಎಷ್ಟು ಬೀಳುತ್ತದೆಂಬುದು ಮೊದಲೇ ಗೊತ್ತು. ನೆಲದೊಳಗಿನ ಶಾಖ ಕೊರೆಯುವವರೆಗೆ ಗೊತ್ತಿಲ್ಲ. ಶಾಖವಿದ್ದರೂ ಅದನ್ನು ಹೊತ್ತು ತರುವ ನೀರು ಇರಬೇಕು, ನೀರು ಹರಿಯಲು ಬಂಡೆಯಲ್ಲಿ ಬಿರುಕುಗಳಿರಬೇಕು. ಕೋಲಾರ, ಚಿತ್ರದುರ್ಗ ಸೀಮೆಯ ರೈತನಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಂಗಿನಕಾಯಿ ಹಿಡಿದು ‘ಪಾಯಿಂಟ್’ ತೋರಿಸುವವನನ್ನು ನಂಬಿ ಸಾಲ ಮಾಡಿ ಬೋರು ಹಾಕಿಸಿದವನು, ಸಾವಿರ ಅಡಿಯಲ್ಲಿ ಧೂಳು ಮಾತ್ರ ಎದ್ದಾಗ ಏನನ್ನು ಕಳೆದುಕೊಳ್ಳುತ್ತಾನೋ ಅದನ್ನೇ ಭೂಶಾಖದ ಕಂಪನಿ ನೂರಾರು ಪಟ್ಟು ದೊಡ್ಡ ಪ್ರಮಾಣದಲ್ಲಿ ಕಳೆದುಕೊಳ್ಳುತ್ತದೆ. ಪಾಯಿಂಟ್ ತೋರಿಸುವವನ ಹಿಂದಿನ ಹತ್ತು ಪಾಯಿಂಟುಗಳಲ್ಲಿ ನೀರು ಬಿದ್ದವೆಷ್ಟು, ಬೀಳದವೆಷ್ಟು ಎಂಬ ಲೆಕ್ಕವನ್ನು ನಾವು ಇಡುವುದಿಲ್ಲ. ದತ್ತಾಂಶ ಸ್ಪರ್ಧೆಯೆಂದರೆ ಸ್ಥೂಲವಾಗಿ ಆ ಲೆಕ್ಕವನ್ನು ಇಡುವ ವ್ಯವಸ್ಥೆ.

4

ಬಹುಮಾನವಿಟ್ಟು ಸಮಸ್ಯೆ ಬಿಡಿಸುವ ಪದ್ಧತಿ ಹಳೆಯದು. ಸಮುದ್ರದ ಮೇಲೆ ರೇಖಾಂಶವನ್ನು ಕಂಡುಹಿಡಿಯುವ ವಿಧಾನಕ್ಕೆ ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ 20,000 ಪೌಂಡುಗಳವರೆಗಿನ ಬಹುಮಾನ ಘೋಷಿಸಿತು. ಜಾನ್ ಹ್ಯಾರಿಸನ್ ಎಂಬ ಬಡಗಿ ಗಡಿಯಾರ ಕಟ್ಟಿ ಅದನ್ನು ಸಾಧಿಸಿದನಾದರೂ, ಗೆದ್ದಿದ್ದಾನೆಯೇ ಇಲ್ಲವೇ ಎಂಬ ತಗಾದೆ ದಶಕಗಳ ಕಾಲ ನಡೆಯಿತು. ಅಳೆಯುವ ನಿಯಮವನ್ನು ಸ್ಪರ್ಧೆಯ ನಡುವೆ ಬದಲಿಸಬಾರದೆಂಬ ಎಚ್ಚರ ಅಂದಿನಿಂದಲೇ ಬಂದದ್ದೆನ್ನಬಹುದು.

ಇಂದಿನ ರೂಪದ ದತ್ತಾಂಶ ಸ್ಪರ್ಧೆಗೆ ಮಾದರಿಯಾದದ್ದು 2006ರಲ್ಲಿ ಆರಂಭವಾದ ನೆಟ್‌ಫ್ಲಿಕ್ಸ್ ಬಹುಮಾನ. ಪ್ರೇಕ್ಷಕನೊಬ್ಬ ತಾನಿನ್ನೂ ಅಂಕ ಕೊಡದ ಚಲನಚಿತ್ರಕ್ಕೆ ಎಷ್ಟು ಅಂಕ ಕೊಟ್ಟಾನೆಂಬುದನ್ನು ಕಂಪನಿಯ ಸ್ವಂತ ವಿಧಾನಕ್ಕಿಂತ ಶೇಕಡಾ 10ರಷ್ಟು ಉತ್ತಮವಾಗಿ ಊಹಿಸಿದವರಿಗೆ ಹತ್ತು ಲಕ್ಷ ಡಾಲರು. 2009ರಲ್ಲಿ ಎರಡು ತಂಡಗಳು ಸಮಾನವಾದ ಫಲಿತಾಂಶ ಪಡೆದು, ಇಪ್ಪತ್ತು ನಿಮಿಷ ಮೊದಲು ಉತ್ತರ ಸಲ್ಲಿಸಿದ ತಂಡ ಗೆದ್ದಿತು. ಗೆದ್ದ ವಿಧಾನವನ್ನು ಕಂಪನಿ ಪೂರ್ತಿಯಾಗಿ ಬಳಕೆಗೆ ತರಲಿಲ್ಲವೆಂಬುದು ಈ ಕಥೆಯ ಕಡಿಮೆ ಪ್ರಸಿದ್ಧವಾದ ಭಾಗ; ನೂರಾರು ಮಾದರಿಗಳನ್ನು ಬೆಸೆದು ಕಟ್ಟಿದ್ದ ಅದನ್ನು ದಿನನಿತ್ಯದ ಕೆಲಸಕ್ಕೆ ಹಚ್ಚುವ ಶ್ರಮಕ್ಕೆ ತಕ್ಕ ಫಲವಿರಲಿಲ್ಲ. 2010ರಲ್ಲಿ ಹುಟ್ಟಿದ ಕ್ಯಾಗಲ್ ಎಂಬ ಸಂಸ್ಥೆ ಇಂತಹ ಸ್ಪರ್ಧೆಗಳನ್ನೇ ನಡೆಸುವ ವೇದಿಕೆಯಾಯಿತು. 2017ರಲ್ಲಿ ಗೂಗಲ್ ಅದನ್ನು ಕೊಂಡಿತು.

ಸ್ಪರ್ಧೆಯ ಕಟ್ಟು ಸರಳ. ಇರುವ ದಾಖಲೆಗಳನ್ನು ಎರಡು ಪಾಲು ಮಾಡಲಾಗುತ್ತದೆ. ಒಂದು ಪಾಲಿನಲ್ಲಿ ಪ್ರಶ್ನೆಯೂ ಉತ್ತರವೂ ಇರುತ್ತವೆ. ಅದನ್ನು ಎಲ್ಲರಿಗೂ ಕೊಡುತ್ತಾರೆ. ಸ್ಪರ್ಧಿಗಳು ಅದರ ಮೇಲೆ ತಮ್ಮ ಗಣಕಮಾದರಿಗೆ ಪಾಠ ಹೇಳುತ್ತಾರೆ. ಇನ್ನೊಂದು ಪಾಲಿನಲ್ಲಿ ಪ್ರಶ್ನೆ ಮಾತ್ರ ಇರುತ್ತದೆ, ಉತ್ತರವನ್ನು ವ್ಯವಸ್ಥಾಪಕರು ಮುಚ್ಚಿಟ್ಟಿರುತ್ತಾರೆ. ಊಹೆಗೂ ಮುಚ್ಚಿಟ್ಟ ಉತ್ತರಕ್ಕೂ ಇರುವ ಅಂತರವೇ ಸ್ಪರ್ಧಿಯ ಅಂಕ. ಮುಚ್ಚಿಟ್ಟ ಪಾಲಿನಲ್ಲೂ ಒಂದು ಭಾಗದ ಅಂಕವನ್ನು ಸ್ಪರ್ಧೆ ನಡೆಯುತ್ತಿರುವಾಗಲೇ ಲೀಡರ್‌ಬೋರ್ಡಿನ ಮೇಲೆ ತೋರಿಸುತ್ತಾರೆ. ಮಿಕ್ಕ ಭಾಗದ ಅಂಕ ಕೊನೆಯ ದಿನ ಮಾತ್ರ ತಿಳಿಯುತ್ತದೆ.

5

ಭೂಶಾಖದ ಸ್ಪರ್ಧೆಗಳಲ್ಲಿ ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡದ್ದು ಉಷ್ಣತೆಯದೇ. ಬಾವಿ ಕೊರೆದ ಮೇಲೆ ಉಷ್ಣತೆಮಾಪಕವನ್ನು ಇಳಿಬಿಟ್ಟು ನೋಡಿದರಾಯಿತಲ್ಲ, ಊಹಿಸುವುದೇನು ಬಂತು ಎನ್ನಿಸಬಹುದು. ಕೊರೆಯುವಾಗ ಉಳಿಯ ಹಲ್ಲುಗಳನ್ನು ತಣಿಸುವುದಕ್ಕೂ ಬಂಡೆಯ ಪುಡಿಯನ್ನು ಮೇಲೆತ್ತುವುದಕ್ಕೂ ಒಂದು ಬಗೆಯ ಕೆಸರುದ್ರವವನ್ನು ಎಡೆಬಿಡದೆ ಬಾವಿಯೊಳಗೆ ಸುತ್ತಿಸುತ್ತಾರೆ. ಈ ದ್ರವ ತಳದ ಬಂಡೆಯನ್ನು ತಣ್ಣಗಾಗಿಸುತ್ತದೆ. ದ್ರವದ ಹರಿವು ನಿಲ್ಲಿಸಿದ ಕೆಲವು ಗಂಟೆಗಳಲ್ಲಿ ಮಾಪಕವನ್ನು ಇಳಿಸುತ್ತಾರೆ. ಬಂಡೆ ಇನ್ನೂ ತನ್ನ ಮೊದಲಿನ ಶಾಖಕ್ಕೆ ಮರಳಿರುವುದಿಲ್ಲ. ಅಂದರೆ ಅಳೆಯುವ ಕ್ರಿಯೆಗೆ ಬೇಕಾದ ಬಾವಿಯೇ ಅಳೆಯಬೇಕಾದ ಸತ್ಯವನ್ನು ಕೆಡಿಸಿರುತ್ತದೆ. ದಾಖಲೆಗೆ ಸೇರುವ ‘ಬಾವಿತಳದ ಉಷ್ಣತೆ’ ನಿಜವಾದ ಉಷ್ಣತೆಗಿಂತ ಸಾಮಾನ್ಯವಾಗಿ ಕಡಿಮೆ.

ಒಂದೇ ಆಳದಲ್ಲಿ ಬೇರೆಬೇರೆ ಗಂಟೆಗಳಲ್ಲಿ ಅಳೆದ ಎರಡು ಮೂರು ಅಂಕಿಗಳಿದ್ದರೆ ಏರುವ ಗತಿಯನ್ನು ಗಮನಿಸಿ, ಅನಂತಕಾಲ ಬಿಟ್ಟಿದ್ದರೆ ಅದು ಎಲ್ಲಿ ನಿಲ್ಲುತ್ತಿತ್ತೆಂದು ಲೆಕ್ಕ ಹಾಕಬಹುದು. ಹಾರ್ನರ್ ವಿಧಾನವೆಂದು ಹೆಸರಾದದ್ದು ಇದೇ. ಆದರೆ ತೈಲ, ಅನಿಲಗಳಿಗಾಗಿ ಕೊರೆದ ಹಳೆಯ ಬಾವಿಗಳಲ್ಲಿ ಅನೇಕವಕ್ಕೆ ಒಂದೇ ಒಂದು ಅಂಕಿ ಇರುತ್ತದೆ. ಎಣ್ಣೆ ಹುಡುಕುವವನಿಗೆ ಶಾಖ ಮುಖ್ಯವಾಗಿರಲಿಲ್ಲ, ಹಾಗಾಗಿ ಕಾಯುವ ತಾಳ್ಮೆಯೂ ಇರಲಿಲ್ಲ. ಬೇರೊಂದು ಉದ್ದೇಶಕ್ಕೆ ಬರೆದಿಟ್ಟ ದಾಖಲೆಯನ್ನು ನಮ್ಮ ಪ್ರಶ್ನೆಗೆ ಸಾಕ್ಷಿಯಾಗಿ ಕರೆಯುವ ಈ ಪರಿಸ್ಥಿತಿ ಶಾಸನಗಳನ್ನು ಓದುವವರಿಗೆ ಚಿರಪರಿಚಿತ. ದತ್ತಿಯ ಶಾಸನ ಬರೆಸಿದವನು ಭಾಷೆಯ ಇತಿಹಾಸವನ್ನು ಬರೆಯಲು ಹೊರಟಿರಲಿಲ್ಲ.

2021ರ ಭೂಶಾಖ ಡೇಟಥಾನ್ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಕೆನಡಾದ ಆಲ್ಬರ್ಟಾ ಪ್ರಾಂತದ ಡುವರ್ನೇ ಮತ್ತು ಅಮೆರಿಕದ ಟೆಕ್ಸಸ್ ರಾಜ್ಯದ ಈಗಲ್‌ಬೈನ್ ಪ್ರದೇಶಗಳ ಬಾವಿಗಳ ದಾಖಲೆಗಳನ್ನು ಕೊಟ್ಟು, ಬಾವಿತಳದಲ್ಲಿ ಅಳೆದ ಉಷ್ಣತೆಯಿಂದ ಶಿಲಾಪದರದ ನಿಜವಾದ ಉಷ್ಣತೆಯನ್ನು ಊಹಿಸುವಂತೆ ಕೇಳಲಾಯಿತು. ಇದರ ಹಿಂದಿನ ವಿಚಾರ ಸ್ಪಷ್ಟವಾದುದು. ತೈಲಕ್ಕಾಗಿ ಕೊರೆದ ಬಾವಿಗಳು ಲಕ್ಷಗಟ್ಟಲೆ ಇವೆ. ಅವುಗಳ ದೋಷಯುಕ್ತ ಅಂಕಿಗಳನ್ನು ತಿದ್ದಿ ಓದಬಲ್ಲೆವಾದರೆ ಹೊಸ ಬಾವಿ ಕೊರೆಯದೆಯೇ ಶಾಖದ ನಕ್ಷೆ ಸಿಗುತ್ತದೆ. ತಪ್ಪಿದರೆ ಆಗುವ ನಷ್ಟವನ್ನೂ ಲೆಕ್ಕ ಹಾಕಬಹುದು. ಕಿಲೋಮೀಟರಿಗೆ 30 ಡಿಗ್ರಿ ಏರುವ ನೆಲದಲ್ಲಿ 20 ಡಿಗ್ರಿಯ ತಪ್ಪೆಂದರೆ ಸುಮಾರು 650 ಮೀಟರು ಹೆಚ್ಚಿಗೆ ಕೊರೆಯಬೇಕಾಗುತ್ತದೆ. ಆಳಕ್ಕೆ ಹೋದಂತೆ ಒಂದೊಂದು ಮೀಟರಿನ ವೆಚ್ಚವೂ ಏರುತ್ತ ಹೋಗುತ್ತದೆ.

ಪೆಟ್ರೋಲಿಯಂ ಇಂಜಿನಿಯರುಗಳ ಅಂತಾರಾಷ್ಟ್ರೀಯ ಸಂಘದ ಯುರೋಪ್ ಶಾಖೆ 2022ರಲ್ಲಿ ನಡೆಸಿದ ಎನರ್ಜಿ ಜಿಯೋಹ್ಯಾಕಥಾನ್ ಕೂಡ ಭೂಶಾಖವನ್ನೇ ವಿಷಯವಾಗಿಟ್ಟುಕೊಂಡಿತ್ತು. ಇಂತಹ ಅಭ್ಯಾಸಗಳಿಗೆ ಬೇಕಾದ ಮುಕ್ತ ದಾಖಲೆಗಳ ದೊಡ್ಡ ಭಂಡಾರ ಅಮೆರಿಕದ ಯೂಟಾ ರಾಜ್ಯದ ಮಿಲ್‌ಫರ್ಡ್ ಬಳಿ ಇರುವ ‘ಯೂಟಾ ಫೋರ್ಜ್’ ಎಂಬ ಸಂಶೋಧನಾ ಕ್ಷೇತ್ರದ್ದು. ಅಲ್ಲಿ 2017ರಲ್ಲಿ ಕೊರೆದ 58-32 ಸಂಖ್ಯೆಯ ಬಾವಿ ಸುಮಾರು 2,300 ಮೀಟರು ಆಳದಲ್ಲಿ 190 ಡಿಗ್ರಿಯನ್ನು ಮೀರಿದ ಗ್ರಾನೈಟ್ ಜಾತಿಯ ಬಂಡೆಯನ್ನು ತಲುಪಿತು. ಸರ್ಕಾರದ ಹಣದಿಂದ ಕೊರೆದ ಬಾವಿಗಳಾದ್ದರಿಂದ ಅವುಗಳ ದಾಖಲೆಗಳು ಜಗತ್ತಿನ ಯಾರಿಗಾದರೂ ಲಭ್ಯವಿವೆ. ಓಲೆಗರಿಯ ಕಟ್ಟೊಂದನ್ನು ನೋಡಲು ಪತ್ರದ ಮೇಲೆ ಪತ್ರ ಬರೆದು ತಿಂಗಳುಗಟ್ಟಲೆ ಕಾದವರಿಗೆ ಇದರ ಮಹತ್ವ ಬೇಗ ಅರ್ಥವಾಗುತ್ತದೆ.

6

ಈಗ ಪ್ರಮಾಣದ ಪ್ರಶ್ನೆಗೆ ಬರಬಹುದು. ಉತ್ತರವನ್ನು ಮುಚ್ಚಿಟ್ಟ ಮಾತ್ರಕ್ಕೆ ಪರೀಕ್ಷೆ ನ್ಯಾಯವಾಗುವುದಿಲ್ಲ. ಯಾವುದನ್ನು ಮುಚ್ಚಿಡಬೇಕು ಎಂಬುದೇ ನಿರ್ಣಾಯಕ. ಬಾವಿಯೊಂದರಲ್ಲಿ ಅರ್ಧರ್ಧ ಅಡಿಗೆ ಒಂದರಂತೆ ಸಾವಿರಾರು ಅಳತೆಗಳಿರುತ್ತವೆ. ಅವುಗಳಲ್ಲಿ ಅಲ್ಲೊಂದು ಇಲ್ಲೊಂದನ್ನು ಹೆಕ್ಕಿ ಮುಚ್ಚಿಟ್ಟರೆ ಗಣಕಮಾದರಿ ಮೇಲಿನ ಅಡಿಯನ್ನೂ ಕೆಳಗಿನ ಅಡಿಯನ್ನೂ ನೋಡಿ ನಡುವಿನದನ್ನು ಹೇಳಿಬಿಡುತ್ತದೆ. ಅಂಕ ನೂರರ ಹತ್ತಿರ ಬರುತ್ತದೆ, ಆದರೆ ಹೊಸ ಬಾವಿಯ ಮುಂದೆ ನಿಲ್ಲಿಸಿದಾಗ ಅದೇ ಮಾದರಿ ಬಾಯಿಬಿಡುವುದಿಲ್ಲ. ಆದ್ದರಿಂದ ಇಡೀ ಬಾವಿಯನ್ನೇ ಮುಚ್ಚಿಡಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಕುರುಡು ಬಾವಿ ಎಂಬ ಅರ್ಥದ ಹೆಸರಿದೆ. ಕುರುಡಾಗಿರುವುದು ಬಾವಿಯಲ್ಲ, ನೋಡುವವನು; ‘ಮುಚ್ಚಿಟ್ಟ ಬಾವಿ’ ಎಂದೇ ಕರೆಯುವುದು ಒಳಿತು.

ಇದಕ್ಕೆ ಒಳ್ಳೆಯ ನಿದರ್ಶನ 2016ರಲ್ಲಿ ಭೂಭೌತ ಶೋಧಕರ ಸಂಘದ ಪತ್ರಿಕೆಯೊಂದು ನಡೆಸಿದ ಸ್ಪರ್ಧೆ. ಅದು ಭೂಶಾಖದ್ದಲ್ಲ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಅನಿಲಕ್ಷೇತ್ರದ್ದು. ಆದರೆ ವಿಧಾನ ಒಂದೇ. ಬಾವಿಯ ಲಾಗ್ ದಾಖಲೆಗಳಿಂದ ಬಂಡೆ ಒಂಬತ್ತು ಬಗೆಗಳಲ್ಲಿ ಯಾವುದೆಂದು ಗುರುತಿಸಬೇಕಿತ್ತು. ತಂಡಗಳೆಲ್ಲ ತಮ್ಮ ವಿಧಾನವನ್ನು ಬಹಿರಂಗವಾಗಿ ಬರೆದಿಡಬೇಕೆಂಬ ನಿಯಮವಿತ್ತು, ಒಬ್ಬರ ಯುಕ್ತಿಯನ್ನು ಇನ್ನೊಬ್ಬರು ಎತ್ತಿಕೊಂಡು ಬೆಳೆಸಿದರು. ಇಷ್ಟಾಗಿಯೂ ಮುಚ್ಚಿಟ್ಟ ಬಾವಿಗಳ ಮೇಲೆ ಗೆದ್ದ ತಂಡದ ಅಂಕ, ಒಂದಕ್ಕೆ, 0.64ರಷ್ಟು ಮಾತ್ರ. ಕಡಿಮೆಯೆನಿಸುವ ಈ ಅಂಕವೇ ನನ್ನ ದೃಷ್ಟಿಯಲ್ಲಿ ಆ ಸ್ಪರ್ಧೆಯ ಪ್ರಾಮಾಣಿಕತೆಗೆ ಸಾಕ್ಷಿ.

ಇದನ್ನು ನಮ್ಮ ಕ್ಷೇತ್ರದ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ವಚನವೊಂದನ್ನು ಕೊಟ್ಟರೆ ಅದರ ಕರ್ತೃವನ್ನು ಹೇಳುವಂತೆ ಗಣಕಯಂತ್ರಕ್ಕೆ ಕಲಿಸುತ್ತೇವೆ ಎಂದಿಟ್ಟುಕೊಳ್ಳೋಣ. ಬಸವಣ್ಣ, ಅಲ್ಲಮ, ಅಕ್ಕ ಇವರ ವಚನಗಳನ್ನು ಕರ್ತೃವಿನ ಹೆಸರಿನೊಂದಿಗೆ ಕೊಟ್ಟು ಕಲಿಸಿ, ಕೆಲವನ್ನು ಹೆಸರಿಲ್ಲದೆ ಮುಂದಿಟ್ಟು ಪರೀಕ್ಷಿಸಿದರೆ ಯಂತ್ರ ಹೆಚ್ಚುಕಡಿಮೆ ಎಲ್ಲಕ್ಕೂ ಸರಿಯುತ್ತರ ಕೊಡುತ್ತದೆ. ಶೈಲಿಯ ರಹಸ್ಯ ಅದಕ್ಕೆ ತಿಳಿಯಿತೆಂದು ನಾವು ಬೆರಗಾಗಬಹುದು. ಆದರೆ ಯಂತ್ರ ಓದಿದ್ದು ಶೈಲಿಯನ್ನಲ್ಲ, ವಚನದ ಕೊನೆಯಲ್ಲಿರುವ ಅಂಕಿತವನ್ನು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಮೂರು ಪದಗಳನ್ನು ಗುರುತಿಸುವ ಪ್ರಾಥಮಿಕ ಶಾಲೆಯ ಮಗುವೂ ಅದೇ ಅಂಕ ಪಡೆಯುತ್ತದೆ. ದತ್ತಾಂಶ ವಿಜ್ಞಾನಿಗಳು ಇದನ್ನು ‘ಸೋರಿಕೆ’ ಎನ್ನುತ್ತಾರೆ: ಉತ್ತರವು ಪ್ರಶ್ನೆಯೊಳಕ್ಕೇ ಸೋರಿರುತ್ತದೆ. ಅಂಕಿತವನ್ನು ತೆಗೆದು ಪರೀಕ್ಷಿಸಿದಾಗ ಬರುವ ಅಂಕವೇ ನಿಜವಾದದ್ದು. ಅದೂ ಸಾಲದು. ಒಂದೇ ಸಂಪಾದಕರು ಒಂದೇ ಕಾಗುಣಿತ ಪದ್ಧತಿಯಲ್ಲಿ ಅಚ್ಚು ಮಾಡಿಸಿದ ಸಂಪುಟಗಳಿಂದ ವಚನಗಳನ್ನು ಆಯ್ದಿದ್ದರೆ ಯಂತ್ರ ಸಂಪಾದಕರ ಕೈಯನ್ನು ಗುರುತಿಸೀತೇ ಹೊರತು ಶರಣರ ದನಿಯನ್ನಲ್ಲ.

7

ಅಂಕದ ಬಗ್ಗೆ ಇನ್ನೊಂದು ಸೂಕ್ಷ್ಮವನ್ನು 2020ರಲ್ಲಿ ನಾರ್ವೆಯ ಫೋರ್ಸ್ ಒಕ್ಕೂಟ ನಡೆಸಿದ ಸ್ಪರ್ಧೆ ಕಲಿಸುತ್ತದೆ. ಅದರಲ್ಲಿ 98 ಬಾವಿಗಳನ್ನು ಕಲಿಕೆಗೆ ಕೊಟ್ಟು ಹನ್ನೆರಡು ಬಗೆಯ ಶಿಲೆಗಳನ್ನು ಗುರುತಿಸಲು ಕೇಳಿದ್ದರು. ಎಲ್ಲ ತಪ್ಪುಗಳಿಗೂ ಒಂದೇ ದಂಡ ವಿಧಿಸುವುದು ವ್ಯವಸ್ಥಾಪಕರಿಗೆ ಒಪ್ಪಿಗೆಯಾಗಲಿಲ್ಲ. ಜೇಡಿಶಿಲೆಯನ್ನು ಮರಳುಮಿಶ್ರಿತ ಜೇಡಿಶಿಲೆ ಎಂದರೆ ತಪ್ಪೇ, ಆದರೆ ಸಣ್ಣ ತಪ್ಪು. ಉಪ್ಪಿನ ಪದರವನ್ನು ಮರಳುಗಲ್ಲು ಎಂದರೆ ಅನಾಹುತ. ಹೀಗಾಗಿ ಯಾವುದನ್ನು ಯಾವುದೆಂದು ತಪ್ಪು ತಿಳಿದರೆ ಎಷ್ಟು ದಂಡವೆಂಬ ಕೋಷ್ಟಕವೊಂದನ್ನು ಭೂವಿಜ್ಞಾನಿಗಳ ಅಭಿಪ್ರಾಯ ಪಡೆದು ಸಿದ್ಧಪಡಿಸಿದರು. ಪಾಠಾಂತರಗಳ ವಿಷಯದಲ್ಲಿ ನಾವು ಬಾಯಿಮಾತಿನಲ್ಲಿ ಪಾಲಿಸುವ ತಾರತಮ್ಯವನ್ನು ಅವರು ಅಂಕಿಗಳಲ್ಲಿ ಬರೆದಿಟ್ಟರು ಎನ್ನಬೇಕು. ರಕಾರ, ಶಕಟರೇಫಗಳ ಗೊಂದಲಕ್ಕೂ ಇಡೀ ಪಂಕ್ತಿಯನ್ನು ಬಿಟ್ಟು ನಕಲು ಮಾಡಿದ್ದಕ್ಕೂ ಒಂದೇ ತೂಕವನ್ನು ಯಾವ ಸಂಪಾದಕನೂ ಕೊಡುವುದಿಲ್ಲ.

ಆ ದಾಖಲೆಗಳಲ್ಲಿ ಇನ್ನೂ ಒಂದು ಕಾಲಮ್ಮಿತ್ತು. ಈ ಬಂಡೆ ಇಂಥದೆಂದು ಭೂವಿಜ್ಞಾನಿ ಬರೆದ ಉತ್ತರದ ಪಕ್ಕದಲ್ಲಿ, ತನಗೆ ಅದರಲ್ಲಿ ಎಷ್ಟು ವಿಶ್ವಾಸವಿದೆ ಎಂಬುದನ್ನು 1, 2, 3 ಎಂಬ ಮೂರು ದರ್ಜೆಗಳಲ್ಲಿ ಸೂಚಿಸಲಾಗಿತ್ತು. ಸ್ಪರ್ಧಿ ‘ಸರಿಯುತ್ತರ’ವೆಂದು ಗುರಿಯಿಟ್ಟದ್ದೂ ಒಬ್ಬ ಮನುಷ್ಯನ ವ್ಯಾಖ್ಯಾನವೇ, ಪ್ರತ್ಯಕ್ಷವಲ್ಲ ಎಂಬುದನ್ನು ಈ ಪುಟ್ಟ ಕಾಲಮ್ಮು ಒಪ್ಪಿಕೊಂಡಿತ್ತು. ಸ್ಪರ್ಧೆಯಲ್ಲಿ ಗೆದ್ದವನು ನೈಜೀರಿಯಾದ ಒಬ್ಬ ಯುವ ಭೂಭೌತ ವಿದ್ಯಾರ್ಥಿ. ಉತ್ತರ ಸಮುದ್ರದ ಬಾವಿಗಳನ್ನು ಕಣ್ಣಿಂದ ಕಾಣದ ದೂರದಲ್ಲಿದ್ದುಕೊಂಡು ಅಲ್ಲಿನ ಪರಿಣತರ ನಡುವೆ ಗೆಲ್ಲುವುದು ಸಾಧ್ಯವಾದದ್ದು ದಾಖಲೆಗಳು ಮುಕ್ತವಾಗಿದ್ದುದರಿಂದ. ಸ್ಪರ್ಧೆಗಳ ಬಗ್ಗೆ ನನಗಿರುವ ಅನುಮಾನಗಳ ನಡುವೆಯೂ ಈ ಗುಣವನ್ನು ಅಲ್ಲಗಳೆಯಲಾರೆ.

8

ಅನುಮಾನಗಳಿಗೆ ಕಾರಣಗಳೂ ಇವೆ. ಬಿರುಕುಗಳಿಲ್ಲದ ಬಿಸಿಬಂಡೆಗೆ ಒತ್ತಡದಿಂದ ನೀರು ನುಗ್ಗಿಸಿ ಬಿರುಕು ಮೂಡಿಸುವ ಭೂಶಾಖ ಯೋಜನೆಗಳಲ್ಲಿ ಭೂಕಂಪದ ಅಪಾಯವಿರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2006ರಲ್ಲಿ ಸಂಭವಿಸಿದ 3.4 ಪ್ರಮಾಣದ ಕಂಪನದಿಂದ ಅಲ್ಲಿನ ಯೋಜನೆ ನಿಂತುಹೋಯಿತು. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ 2017ರ ನವೆಂಬರ್ 15ರಂದು ಆದ 5.5 ಪ್ರಮಾಣದ ಭೂಕಂಪ ಹತ್ತಾರು ಜನರನ್ನು ಗಾಯಗೊಳಿಸಿತು. ಅದಕ್ಕೆ ಸಮೀಪದ ಭೂಶಾಖ ಯೋಜನೆಯೇ ಪ್ರಚೋದನೆ ನೀಡಿತೆಂದು ಸರ್ಕಾರ ನೇಮಿಸಿದ ತಜ್ಞಮಂಡಳಿ 2019ರಲ್ಲಿ ತೀರ್ಮಾನಿಸಿತು. ಆದ್ದರಿಂದ ಬಂಡೆ ಜಾರುವ ಗಳಿಗೆಯನ್ನು ಮೊದಲೇ ತಿಳಿಯಬಹುದೇ ಎಂಬುದು ಈ ಕ್ಷೇತ್ರದ ಪಾಲಿಗೆ ಜೀವನ್ಮರಣದ ಪ್ರಶ್ನೆ.

ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯ 2019ರಲ್ಲಿ ಕ್ಯಾಗಲ್ ವೇದಿಕೆಯಲ್ಲಿ ಈ ಬಗೆಯ ಸ್ಪರ್ಧೆಯೊಂದನ್ನು ನಡೆಸಿತು. ಪ್ರಯೋಗಾಲಯದಲ್ಲಿ ಒತ್ತಡಕ್ಕೊಳಗಾದ ಪದರವೊಂದು ಮತ್ತೆ ಮತ್ತೆ ಜಾರುವಾಗ ಹೊರಡುವ ಸೂಕ್ಷ್ಮ ಸದ್ದನ್ನು ಕೇಳಿ, ಮುಂದಿನ ಜಾರುವಿಕೆಗೆ ಎಷ್ಟು ಹೊತ್ತು ಉಳಿದಿದೆ ಎಂದು ಹೇಳಬೇಕಿತ್ತು. ಕಲಿಕೆಗೆ ಕೊಟ್ಟ ದಾಖಲೆಯಲ್ಲಿ 62 ಕೋಟಿಗೂ ಹೆಚ್ಚು ಅಳತೆಗಳಿದ್ದವು. ಅಷ್ಟರಲ್ಲಿ ನಡೆದ ಪ್ರಯೋಗಾಲಯದ ‘ಭೂಕಂಪ’ಗಳು ಮಾತ್ರ ಹದಿನಾರು. 4500ರಷ್ಟು ತಂಡಗಳು ಭಾಗವಹಿಸಿದವು. ಅಳತೆಗಳು ಕೋಟಿಗಟ್ಟಲೆ ಇದ್ದರೂ ಘಟನೆಗಳು ಹದಿನಾರೇ ಎಂಬುದನ್ನು ಮರೆತವರು ಲೀಡರ್‌ಬೋರ್ಡಿನಲ್ಲಿ ಮೇಲೇರಿ, ಕೊನೆಯ ದಿನ ಕುಸಿದರು. ಗೆದ್ದ ತಂಡ ಮಾಡಿದ ಮುಖ್ಯ ಕೆಲಸಗಳಲ್ಲೊಂದು, ಪರೀಕ್ಷೆಯ ಪಾಲು ಕಲಿಕೆಯ ಪಾಲಿಗಿಂತ ಯಾವ ರೀತಿಯಲ್ಲಿ ಭಿನ್ನವಾಗಿದೆಯೆಂದು ಗಮನಿಸಿ, ಪರೀಕ್ಷೆಯನ್ನು ಹೋಲುವ ಭಾಗಗಳನ್ನೇ ಆಯ್ದು ಕಲಿಸಿದ್ದು. ಇದು ಜಾಣತನ, ಮೋಸವಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರ ಒಲವನ್ನು ಅರಿತು ಓದುವ ವಿದ್ಯಾರ್ಥಿಯನ್ನು ನಾವೂ ತಪ್ಪೆನ್ನುವುದಿಲ್ಲ. ಆದರೆ ನಾಳೆಯ ಪೋಹಾಂಗ್ ತನ್ನ ಪ್ರಶ್ನೆಪತ್ರಿಕೆಯನ್ನು ಮೊದಲೇ ಹಂಚುವುದಿಲ್ಲ. ಸ್ಪರ್ಧೆಯ ಅಂಕ ಸ್ಪರ್ಧೆಯೊಳಗಿನ ಲೋಕಕ್ಕೆ ಮಾತ್ರ ಪ್ರಮಾಣ; ಹೊರಲೋಕಕ್ಕೆ ಅದು ಅನುಮಾನವಷ್ಟೇ, ತರ್ಕಶಾಸ್ತ್ರದ ಅರ್ಥದಲ್ಲಿ.

9

ನಮ್ಮ ಕಡೆಗೆ ತಿರುಗಿ ನೋಡುವುದಾದರೆ, ಈ ಪದ್ಧತಿ ಹಸ್ತಪ್ರತಿಗಳ ಲೋಕವನ್ನು ಆಗಲೇ ಮುಟ್ಟಿದೆ. ವೆಸೂವಿಯಸ್ ಜ್ವಾಲಾಮುಖಿಯ ಬಿಸಿಯಲ್ಲಿ ಇದ್ದಿಲಾಗಿ, ಬಿಚ್ಚಿದರೆ ಪುಡಿಯಾಗುವ ಹರ್ಕ್ಯುಲೇನಿಯಂನ ಪಪೈರಸ್ ಸುರುಳಿಗಳನ್ನು ಬಿಚ್ಚದೆಯೇ ಓದುವ ಸ್ಪರ್ಧೆಯೊಂದು 2023ರಲ್ಲಿ ನಡೆಯಿತು. ವಿದ್ಯಾರ್ಥಿಗಳ ತಂಡವೊಂದು ಕ್ಷಕಿರಣ ಚಿತ್ರಗಳಿಂದ ಗ್ರೀಕ್ ಭಾಷೆಯ ಹಲವು ಅಂಕಣಗಳನ್ನು ಓದಿ 7 ಲಕ್ಷ ಡಾಲರು ಗೆದ್ದಿತು. ಅಲ್ಲಿ ಮುಚ್ಚಿಟ್ಟ ಉತ್ತರವೇ ಇರಲಿಲ್ಲ. ಯಂತ್ರ ತೋರಿದ ಅಕ್ಷರಗಳು ನಿಜವಾದ ಶಾಯಿಯೇ, ಭ್ರಮೆಯೇ ಎಂಬುದನ್ನು ನಿರ್ಣಯಿಸಲು ಪ್ಯಾಪಿರಸ್ ವಿದ್ವಾಂಸರೇ ಬೇಕಾದರು.

ವಚನಗಳ ಕರ್ತೃತ್ವ ಕುರಿತು ಕನ್ನಡದಲ್ಲಿ ಇಂತಹ ಸ್ಪರ್ಧೆಯನ್ನು ಏರ್ಪಡಿಸುವುದಾದರೆ ಅದರ ರಚನೆ ಹೇಗಿರಬೇಕೆಂದು ಮೇಲಿನ ಚರ್ಚೆಯಿಂದ ಊಹಿಸಬಹುದು. ಅಂಕಿತಗಳನ್ನು ತೆಗೆಯಬೇಕು. ಬಿಡಿ ವಚನಗಳನ್ನಲ್ಲ, ಇಡೀ ಓಲೆಗರಿ ಕಟ್ಟನ್ನೇ ಮುಚ್ಚಿಡಬೇಕು. ನಮ್ಮ ಮುಚ್ಚಿಟ್ಟ ಬಾವಿ ಅದು. ಸಮಕಾಲೀನರಾದ ಇಬ್ಬರು ಶರಣರನ್ನು ಅದಲುಬದಲು ಮಾಡಿದ ತಪ್ಪಿಗೂ ಹನ್ನೆರಡನೆಯ ಶತಮಾನದ ವಚನವನ್ನು ಹದಿನೇಳನೆಯದೆಂದ ತಪ್ಪಿಗೂ ಬೇರೆಬೇರೆ ದಂಡವಿರಬೇಕು. ಆದರೆ ಒಂದೇ ವಚನ ಬೇರೆಬೇರೆ ಕಟ್ಟುಗಳಲ್ಲಿ ಬೇರೆಬೇರೆ ಅಂಕಿತಗಳೊಂದಿಗೆ ಸಿಗುವ ಪ್ರಸಂಗಗಳಿವೆ. ಅಂಥ ವಚನದ ‘ಸರಿಯುತ್ತರ’ವೆಂದು ಯಾವುದನ್ನು ಬರೆದಿಡುವುದು? ನಾರ್ವೆಯವರಂತೆ ಉತ್ತರದ ಪಕ್ಕದಲ್ಲಿ ವಿಶ್ವಾಸದ ಕಾಲಮ್ಮೊಂದನ್ನು ಎಳೆದು 1, 2, 3 ಎಂದು ತುಂಬಬೇಕಾಗುತ್ತದೆ. ಅದನ್ನು ತುಂಬಬೇಕಾದವರು ಗಣಕ ವಿಜ್ಞಾನ ವಿಭಾಗದವರಲ್ಲ. ನಮ್ಮ ಸಮಗ್ರ ಸಂಪುಟಗಳ ಪುಟಗಳಲ್ಲಿ ಆ ಕಾಲಮ್ಮು ಈಗ ಎಲ್ಲಿಯೂ ಇಲ್ಲ; ಇರುವುದು ಸಂಪಾದಕರ ಪೀಠಿಕೆಗಳಲ್ಲಿ ಅಲ್ಲಲ್ಲಿ ಚದುರಿದ ‘ಇದ್ದಿರಬಹುದು’, ‘ಸಂದೇಹಾಸ್ಪದ’ ಎಂಬ ಮಾತುಗಳು ಮಾತ್ರ. ಅವನ್ನು ವಚನವಚನಕ್ಕೂ ಹೊಂದಿಸಿ ಪಟ್ಟಿ ಮಾಡುವ ಕೆಲಸವನ್ನು, ಸ್ಪರ್ಧೆ ನಡೆಯಲಿ ಬಿಡಲಿ, ಈಗಲೇ ಆರಂಭಿಸಬಹುದು.